ಬೆಳ್ಳಗಿರುವುದೆಲ್ಲ ಹಾಲಲ್ಲ

ಅಲಂಕಾರವೆಂದೊಡನೆ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಕಾವ್ಯವನ್ನು ಪಾಠ ಹೇಳಿ ಬದುಕುವವನು ಅಲಂಕಾರವನ್ನು ಹಳಿಯುವುದಾದರೂ ಹೇಗೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸನ ಭೋಗಗಳ ನಡುವೆ ಸ್ನಾನಕ್ಕೂ ವಿಲೇಪನಕ್ಕೂ ಸ್ಥಾನವಿದೆ. ಅರಮನೆಯ ಮಾತು ಹಾಗಿರಲಿ. ಸೀಗೆಪುಡಿ, ಹರಳೆಣ್ಣೆ, ಅರಿಸಿನಗಳು ಬಡವರ ಮನೆಗೂ ಅಪರಿಚಿತವಾಗಿರಲಿಲ್ಲ. ಸಾಬೂನು ಕೊಳೆಯೊಡನೆ ರೋಗಾಣುಗಳನ್ನೂ ತೊಳೆಯುತ್ತದೆ. ಚಳಿಗೆ ಬಿರಿದ ಚರ್ಮಕ್ಕೆ ಎಣ್ಣೆಯ ಪಸೆ ಹಿತ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಲೇಪಗಳೂ ಇಂದು ದೊರೆಯುತ್ತವೆ. ಇವೆಲ್ಲವೂ ಉಪಕಾರಗಳೇ.

ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ಮನೆಯ ಒರಳಿನಲ್ಲಿ ಅರೆದುದರೊಳಗೆ ಏನಿದೆಯೆಂಬುದು ಅರೆದವಳಿಗೆ ತಿಳಿದಿತ್ತು. ಅಂಗಡಿಯ ಡಬ್ಬಿಯೊಳಗೆ ಏನಿದೆಯೆಂಬುದು ಕೊಂಡವಳಿಗೆ ತಿಳಿಯದು. ತಿಳಿಯದವಳ ಪರವಾಗಿ ತಿಳಿದುಕೊಳ್ಳುವುದಕ್ಕೆಂದೇ ಕಾನೂನು ಇರುವುದು. ನಮ್ಮ ದೇಶದ 1940ರ ಔಷಧ ಕಾಯಿದೆಯು 1962ರ ತಿದ್ದುಪಡಿಯಿಂದ ಪ್ರಸಾಧನ ಸಾಮಗ್ರಿಗಳಿಗೂ ವಿಸ್ತರಿಸಿತು. ಅಂದವನ್ನು ಹೆಚ್ಚಿಸಲೆಂದೋ ಶುಚಿಗೆಂದೋ ಮೈಗೆ ತಿಕ್ಕುವ, ಸುರಿಯುವ, ಸಿಂಪಡಿಸುವ ವಸ್ತುಗಳು ಅದರ ವ್ಯಾಪ್ತಿಗೆ ಬಂದವು. ಪ್ರಾಣಿಗಳ ಮೇಲೆ ಇವನ್ನು ಪರೀಕ್ಷಿಸುವುದು 2014ರಲ್ಲಿ ನಿಷಿದ್ಧವಾಯಿತು. 2020ರಲ್ಲಿ ಪ್ರಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂದಿತು.

ಈ ನಿಯಮಾವಳಿಯಲ್ಲಿ ಪಾದರಸದ ವಿಷಯವಾಗಿ ಒಂದು ಕಟ್ಟಳೆಯಿದೆ. ಕಣ್ಣಿನ ಸುತ್ತ ಬಳಸುವ ಸಾಮಗ್ರಿಗಳಲ್ಲಿ ಅದು ಹತ್ತು ಲಕ್ಷದಲ್ಲಿ 70 ಭಾಗವನ್ನು ಮೀರಕೂಡದು. ಉಳಿದವುಗಳಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ 1 ಭಾಗವನ್ನು ದಾಟಕೂಡದು. ಇಷ್ಟು ಬಿಗಿ ಏಕೆ? ಪಾದರಸದ ಲವಣಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ವಸ್ತುವಿನ ಉತ್ಪತ್ತಿಯನ್ನು ತಡೆಯುತ್ತವೆ. ಬಣ್ಣ ಕೆಲಕಾಲ ತಿಳಿಯಾಗುವುದು ನಿಜ. ಆದರೆ ಆ ಪಾದರಸ ಚರ್ಮದಲ್ಲೇ ನಿಲ್ಲದೆ ದೇಹದೊಳಕ್ಕೆ ಇಳಿದು ಮೂತ್ರಪಿಂಡವನ್ನು ಸೇರುತ್ತದೆ.

ಇದು ಬರಿಯ ಊಹೆಯಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲಿನ ವೈದ್ಯರು, ಮೂತ್ರಪಿಂಡದ ಸೋಸುವ ಪೊರೆ ಕೆಟ್ಟು ಮೂತ್ರದಲ್ಲಿ ಪ್ರೋಟೀನು ಸೋರುವ ರೋಗಕ್ಕೆ ತುತ್ತಾದ 22 ಮಂದಿಯನ್ನು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಗಮನಿಸಿದರು. ಅವರಲ್ಲಿ 15 ಮಂದಿಯ ರೋಗ ವಿರಳವಾದ ಒಂದು ಬಗೆಯದಾಗಿತ್ತು. ಆ ಹದಿನೈದರಲ್ಲಿ 13 ಮಂದಿ ಮೈಬಣ್ಣ ಬೆಳ್ಳಗಾಗಲೆಂದು ಕ್ರೀಮು ಹಚ್ಚಿಕೊಳ್ಳುತ್ತಿದ್ದವರು! ಹಚ್ಚುವುದನ್ನು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರೆಂಬುದೊಂದೇ ಸಮಾಧಾನ.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಪುಟ್ಟದೊಂದು ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದ ಕಾಲ. “ಸಾರ್, ಇದರಲ್ಲಿ ಏನಿದೆ ಅಂತ ಎಲ್ಲೂ ಬರೆದಿಲ್ಲ. ಅಮ್ಮ ಮಾತ್ರ ದಿನಾ ಹಚ್ಚಿಕೋ ಅಂತಾರೆ” ಎಂದಳು. ಡಬ್ಬಿಯ ಮೇಲೆ ಹೊಳೆಯುವ ಮುಖದ ಚಿತ್ರವಿತ್ತು. ತಯಾರಕರ ಹೆಸರಾಗಲಿ, ಪರವಾನಗಿಯ ಸಂಖ್ಯೆಯಾಗಲಿ ಇರಲಿಲ್ಲ. “ಒಳಗಿರುವುದನ್ನು ಬರೆಯಲು ಅಂಜಿದವನ ಲೇಪವನ್ನು ಮುಖಕ್ಕೆ ಹಚ್ಚಬೇಡಮ್ಮ” ಎಂದೆ. ಅಮ್ಮನಿಗೂ ಹಾಗೆಯೇ ಹೇಳುವೆನೆಂದು ಅವಳು ಹೊರಟಳು.

ಡಬ್ಬಿಯ ದೊಡ್ಡ ಅಕ್ಷರಗಳನ್ನು ಬರೆಸುವುದು ವ್ಯಾಪಾರ. ಸಣ್ಣ ಅಕ್ಷರಗಳನ್ನು ಬರೆಸುವುದು ಕಾನೂನು. ತಯಾರಕರ ಹೆಸರು ವಿಳಾಸ, ಪರವಾನಗಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕಡೆಯ ದಿನ, ಘಟಕಗಳ ಪಟ್ಟಿ ಇವು ಅಲ್ಲಿರಲೇಬೇಕು. ಪರದೇಶದಿಂದ ಬಂದುದಾದರೆ ಆಮದಿನ ನೋಂದಣಿ ಸಂಖ್ಯೆಯೂ ಬೇಕು. ‘ಮರ್ಕ್ಯುರಿ’, ‘ಮರ್ಕ್ಯುರಸ್ ಕ್ಲೋರೈಡ್’, ‘ಕ್ಯಾಲೊಮೆಲ್’ ಎಂಬ ಹೆಸರುಗಳೆಲ್ಲ ಪಾದರಸದವೇ. ಸಂಶಯ ಬಂದವರು ತಾವು ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆ ಹಕ್ಕನ್ನು ಕಾಯಿದೆಯ 26ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.

ಆದರೆ ಆ ಸಣ್ಣ ಅಕ್ಷರಗಳು ಯಾವ ಭಾಷೆಯವು? ಪೊಟ್ಟಣದ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕೆನ್ನುತ್ತವೆ 2011ರ ಅಳತೆ-ತೂಕದ ನಿಯಮಗಳು. ಬೇರೆ ಭಾಷೆ ತಯಾರಕರ ಇಚ್ಛೆಗೆ ಬಿಟ್ಟದ್ದು. ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಹೆಸರನ್ನೂ ಬಳಕೆಯ ವಿಧಾನವನ್ನೂ ಕನ್ನಡದಲ್ಲಿಯೂ ಮುದ್ರಿಸಬೇಕೆಂದು ನಮ್ಮ ಸರ್ಕಾರ 2025ರಲ್ಲಿ ಆದೇಶಿಸಿತು. ಒಳ್ಳೆಯದೇ. ಎಚ್ಚರಿಕೆಯ ಮಾತೂ ಘಟಕಗಳ ಹೆಸರೂ ಎಲ್ಲ ಡಬ್ಬಿಗಳ ಮೇಲೆ ಕನ್ನಡದಲ್ಲಿ ಬರಬೇಕೆಂಬುದು ನನ್ನ ಬೇಡಿಕೆ. ಮುಖಕ್ಕೆ ಹಚ್ಚಿಕೊಳ್ಳುವವಳು ಓದಲಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಕಾನೂನು ಡಬ್ಬಿಯನ್ನು ಕಾಯಬಲ್ಲದು. ಡಬ್ಬಿಯತ್ತ ಕೈ ಚಾಚಿಸುವ ಮಾತನ್ನು ಕಾಯಬೇಕಾದವರು ನಾವು. ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣವೊಂದು ಕಡಿಮೆ’ ಎನ್ನುವಾಗ ನಾವು ತೂಗುತ್ತಿರುವುದೇನನ್ನು? ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂದುದು ಮೈಯ ಕಪ್ಪಿನಿಂದಲೇ. ಅವಳ ಬಣ್ಣ ಕಡಿಮೆಯಾಯಿತೆಂದು ವ್ಯಾಸರು ಮರುಗಲಿಲ್ಲ. ಶ್ಯಾಮಲೆ, ಎಣ್ಣೆಗೆಂಪು ಎಂಬಂಥ ಚೆಲುವಾದ ಮಾತುಗಳುಳ್ಳ ಭಾಷೆಯವರು ನಾವು. ಹೆಣ್ಣುಮಕ್ಕಳೆದುರಿಗೆ ಆ ಮಾತುಗಳನ್ನು ಆಡುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.