ಬಾಗಿದರೂ ಸಮವಾಗಿ ತಿರುಗುವ ದಂಡ

ಎತ್ತಿನ ಗಾಡಿಯ ಅಚ್ಚನ್ನು ಓದುಗರಲ್ಲಿ ಹಲವರು ನೋಡಿರಬಹುದು. ಗಾಡಿಯ ಭಾರವನ್ನೆಲ್ಲ ಹೊರುವುದು ಅದೇ. ಆದರೆ ಅದು ತಾನು ತಿರುಗುವುದಿಲ್ಲ, ಗಾಲಿಗಳು ಅದರ ತುದಿಗಳ ಮೇಲೆ ತಿರುಗುತ್ತವೆ. ಇಂದಿನ ಸಣ್ಣ ಕಾರಿನ ಮುಂದಿನ ಆಕ್ಸಲ್ಲಿನ ಸ್ವಭಾವ ಇದಕ್ಕೆ ತದ್ವಿರುದ್ಧವಾದುದು. ಕಾರಿನ ಭಾರವನ್ನು ಹೊರುವ ಹೊಣೆ ಅದರದಲ್ಲ. ಅದನ್ನು ಹಬ್ ಮತ್ತು ಬೇರಿಂಗ್‌ಗಳು ನೋಡಿಕೊಳ್ಳುತ್ತವೆ. ಗೇರುಪೆಟ್ಟಿಗೆಯಿಂದ ಬರುವ ತಿರುಚುಬಲವನ್ನು ಗಾಲಿಗೆ ಮುಟ್ಟಿಸುವುದೇ ಈ ದಂಡದ ಕೆಲಸ. ಅದನ್ನೂ ನೆಟ್ಟಗೆ ನಿಂತು ಮಾಡುವಂತಿಲ್ಲ. ರಸ್ತೆಯ ಹಳ್ಳದಿಣ್ಣೆಗಳಲ್ಲಿ ಗಾಲಿ ಮೇಲೆ ಕೆಳಗೆ ಆಡುತ್ತದೆ, ತಿರುವಿನಲ್ಲಿ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಹೀಗೆ ಮುರಿದಂತೆ ಬಾಗಿಕೊಂಡೇ ದಂಡವು ಒಂದೇ ಸಮನೆ ತಿರುಗುತ್ತಿರಬೇಕು.

ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಹಳೆಯ ಕಾರಿನ ಈ ದಂಡವನ್ನು ನಾನೇ ಮನೆಯ ಅಂಗಳದಲ್ಲಿ ಬದಲಾಯಿಸಿದೆನು. ಗಾಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ವೇಗ ಹೆಚ್ಚಿಸಿದಾಗಲೆಲ್ಲ ಎಡಗಾಲಿಯ ಬಳಿ 'ಟಕ್ ಟಕ್' ಎಂಬ ಸದ್ದು ಕೇಳುತ್ತಿತ್ತು. ನೇರ ರಸ್ತೆಯಲ್ಲಿ ಅದು ಮಾಯ. ರೋಗದ ಹೆಸರನ್ನು ಈ ಲಕ್ಷಣವೇ ಹೇಳುತ್ತದೆ. ಆದರೆ ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಕಥೆ ಬೇಕು.

ಬಾಗಿದ ದಂಡವನ್ನು ತಿರುಗಿಸುವ ಹಳೆಯ ಉಪಾಯವೆಂದರೆ 17ನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕೀಲು. ಎರಡು ದಂಡಗಳ ತುದಿಗಳಲ್ಲಿ ಎರಡು ಕವಲುಗಳು, ನಡುವೆ ಅವುಗಳನ್ನು ಕೂಡಿಸುವ ಶಿಲುಬೆಯಾಕಾರದ ತುಂಡು. ಇದು ಬಲವಾದದ್ದು, ಸರಳವಾದದ್ದು. ಆದರೆ ಒಂದು ದೋಷವುಳ್ಳದ್ದು. ದಂಡಗಳ ನಡುವಣ ಕೋನ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೊದಲ ದಂಡವು ಮಿನಿಟಿಗೆ 100 ಸುತ್ತಿನಂತೆ ಸಮವೇಗದಿಂದ ತಿರುಗಿದರೂ ಎರಡನೆಯದರ ವೇಗ ಒಮ್ಮೆ 87ಕ್ಕೆ ಇಳಿದು ಒಮ್ಮೆ 115ಕ್ಕೆ ಏರುತ್ತದೆ. (30 ಡಿಗ್ರಿಯ ಕೊಸೈನ್ 0.866. ವೇಗವು ಈ ಸಂಖ್ಯೆಗೂ ಇದರ ವ್ಯುತ್ಕ್ರಮಕ್ಕೂ ನಡುವೆ ತೂಗುತ್ತದೆ.) ಪ್ರತಿ ಸುತ್ತಿನಲ್ಲಿ ಈ ಏರಿಳಿತ ಎರಡು ಸಲ ಆಗುತ್ತದೆ. ಗಾಲಿಯ ಸುತ್ತಳತೆ 1.6 ಮೀಟರ್ ಇದ್ದು ಕಾರು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತಿರುವನ್ನು ದಾಟುತ್ತಿದ್ದರೆ, ಸೆಕೆಂಡಿಗೆ ಏಳು ಸಲ ಗಾಲಿಯು ಮುಗ್ಗರಿಸಿದಂತಾಗುವುದು! ಸ್ಟಿಯರಿಂಗ್ ಹಿಡಿದ ಕೈಗೆ ಅದು ಸಹ್ಯವಾಗುವುದಿಲ್ಲ.

ಹಿಂದಿನ ಗಾಲಿಗಳಿಂದ ನಡೆಯುವ ಕಾರುಗಳಲ್ಲಿ ಉದ್ದನೆಯ ದಂಡದ ಎರಡು ತುದಿಗಳಲ್ಲೂ ಹುಕ್‌ನ ಕೀಲುಗಳನ್ನು ಸಮಕೋನದಲ್ಲಿಟ್ಟು, ಒಂದರ ದೋಷವನ್ನು ಇನ್ನೊಂದರಿಂದ ಕಳೆಯುತ್ತಾರೆ. ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳು ಈ ಜಾತಿಯವು. ಮುಂದಿನ ಗಾಲಿಯಲ್ಲಾದರೋ ಚಾಲಕನು ಸ್ಟಿಯರಿಂಗ್ ತಿರುಗಿಸಿದಂತೆ ಹೊರಗಿನ ಕೀಲಿನ ಕೋನ ಮಾತ್ರ ಬದಲಾಗುತ್ತದೆ, ಒಳಗಿನದು ಬದಲಾಗುವುದಿಲ್ಲ. ಲೆಕ್ಕ ಸರಿತೂಗುವುದಾದರೂ ಹೇಗೆ?

ಇದಕ್ಕೆ ಪರಿಹಾರವು 1926ರ ಸುಮಾರಿಗೆ ಎರಡು ಕಡೆಗಳಿಂದ ಬಂದಿತು. ಫ್ರಾನ್ಸಿನಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ ಎಂಬವರು 'ಟ್ರಾಕ್ಟಾ' ಕೀಲನ್ನು ರಚಿಸಿದರು. ಅಮೆರಿಕದಲ್ಲಿ ಆಲ್‌ಫ್ರೆಡ್ ರ್ಝೆಪ್ಪಾ ಎಂಬ ಎಂಜಿನಿಯರು ಗುಂಡುಗಳ ಕೀಲನ್ನು ಕಂಡುಹಿಡಿದನು. ಇಂದು ಹೆಚ್ಚಿನ ಕಾರುಗಳ ಗಾಲಿಯ ತುದಿಯಲ್ಲಿರುವುದು ಈ ಎರಡನೆಯದರ ಸಂತತಿಯೇ. ಬಟ್ಟಲಿನಂತಹ ಹೊರಭಾಗ, ಅದರೊಳಗೆ ನಕ್ಷತ್ರದಂತಹ ಒಳಭಾಗ. ಎರಡರಲ್ಲೂ ಎದುರುಬದುರಾಗಿ ಕೊರೆದ ಆರು ಬಾಗು ಕಾಲುವೆಗಳು. ಕಾಲುವೆಗೊಂದರಂತೆ ಆರು ಉಕ್ಕಿನ ಗುಂಡುಗಳು. ಅವನ್ನು ಹಿಡಿದಿಡುವ ಒಂದು ಪಂಜರ. ದಂಡ ಎಷ್ಟೇ ಬಾಗಲಿ, ಈ ಆರು ಗುಂಡುಗಳೂ ಎರಡು ದಂಡಗಳ ನಡುವಣ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ನಿಲ್ಲುತ್ತವೆ. ಆ ಸಮತಲದಲ್ಲಿ ಒಂದು ಕನ್ನಡಿಯನ್ನು ನಿಲ್ಲಿಸಿದರೆ ಒಂದು ದಂಡವು ಇನ್ನೊಂದರ ಪ್ರತಿಬಿಂಬದಂತೆ ತೋರುವುದು. ಪ್ರತಿ ಗುಂಡೂ ಎರಡೂ ಅಕ್ಷಗಳಿಂದ ಸಮದೂರದಲ್ಲಿರುವುದರಿಂದ ಎರಡು ದಂಡಗಳ ಕೋನವೇಗಗಳಲ್ಲಿ ವ್ಯತ್ಯಾಸ ಬರಲು ಕಾರಣವೇ ಇಲ್ಲ. 1959ರ ಬ್ರಿಟಿಷ್ 'ಮಿನಿ' ಕಾರು ಈ ಕೀಲನ್ನು ಅಳವಡಿಸಿಕೊಂಡಿತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800, ಮುಂದಿನ ಗಾಲಿಗಳಿಂದ ನಡೆಯುವ ಕಾರನ್ನು ಮನೆಮಾತಾಗಿಸಿತು.

ಇಷ್ಟು ಸೂಕ್ಷ್ಮವಾದ ಯಂತ್ರವನ್ನು ಕಾಯುವುದು ಒಂದು ರಬ್ಬರಿನ ಚೀಲ. ಮೆಕ್ಯಾನಿಕರು ಇದನ್ನು 'ಬೂಟು' ಎನ್ನುತ್ತಾರೆ. ಅದು ಹರಿದರೆ ತಿರುಗುವ ದಂಡವು ಒಳಗಿನ ಗ್ರೀಸನ್ನು ಹೊರಗೆ ಸಿಡಿಸುತ್ತದೆ. ಆ ಜಾಗಕ್ಕೆ ಮರಳೂ ಕೆಸರುನೀರೂ ಸೇರುತ್ತವೆ. ಕಾಲುವೆಗಳಲ್ಲಿ ಗುಳಿ ಬೀಳುತ್ತದೆ. ತಿರುವಿನಲ್ಲಿ ಗುಂಡುಗಳು ಕಾಲುವೆಯುದ್ದಕ್ಕೂ ಹೆಚ್ಚು ದೂರ ಹರಿದಾಡುವುದರಿಂದ ಗುಳಿಯನ್ನು ಹಾಯುವಾಗ 'ಟಕ್' ಎನ್ನುತ್ತವೆ. ನನ್ನ ಕಾರಿನ ಗಾಲಿಯ ಒಳಮೈಯಲ್ಲಿ ಗ್ರೀಸು ಸಿಡಿದಿದ್ದುದನ್ನು ನಾನು ಒಂದು ವರ್ಷ ಮೊದಲೇ ಕಂಡಿದ್ದೆನು. ಆಗ ಬೂಟನ್ನು ಬದಲಾಯಿಸಿ ಹೊಸ ಗ್ರೀಸು ತುಂಬಿದ್ದರೆ ಸಾಕಿತ್ತು. ಸೋಮಾರಿತನಕ್ಕೆ ಪೂರ್ತಿ ಆಕ್ಸಲ್ಲಿನ ಬೆಲೆ ತೆತ್ತೆನು.

ಇನ್ನು ಕೆಲಸದ ಮಾತು. ಹಬ್ಬಿನ ನಡುವೆ ಆಕ್ಸಲ್ಲನ್ನು ಹಿಡಿದಿರುವ ದೊಡ್ಡ ನಟ್ಟು ಸಣ್ಣ ಕಾರುಗಳಲ್ಲಿಯೂ ಬಹಳ ಬಿಗಿಯಾಗಿರುತ್ತದೆ. ಬಿಗಿತ 175 ನ್ಯೂಟನ್-ಮೀಟರ್ ಎಂದು ಭಾವಿಸಿದರೆ, ಕಾಲು ಮೀಟರಿನ ಸ್ಪ್ಯಾನರಿನ ತುದಿಯಲ್ಲಿ 700 ನ್ಯೂಟನ್ ಬಲ ಬೇಕು. ಅಂದರೆ ಸುಮಾರು 71 ಕಿಲೋಗ್ರಾಂ ತೂಕ. ಸ್ಪ್ಯಾನರಿಗೆ ಪೈಪು ತೊಡಿಸಿ ಒಂದು ಮೀಟರ್ ಉದ್ದ ಮಾಡಿದರೆ 18 ಕಿಲೋಗ್ರಾಂ ಸಾಕು. ತುಕ್ಕು ಹಿಡಿದಿದ್ದರೆ ಇನ್ನೂ ಹೆಚ್ಚು ಬೇಕಾದೀತು. ಈ ಸನ್ನೆಯ ಲೆಕ್ಕವನ್ನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬಿಡಿಸುವ ನಾನು, ಅಂಗಳದಲ್ಲಿ ಅದರ ಇನ್ನರ್ಧವನ್ನು ಮರೆತೆನು. ಗಾಡಿಯನ್ನು ಮೊದಲೇ ಜಾಕಿಯ ಮೇಲೆ ಎತ್ತಿ ಗಾಲಿ ಕಳಚಿದೆನು. ಅಣ್ಣನನ್ನು ಬ್ರೇಕು ಒತ್ತಲು ಕೂರಿಸಿ, ಪೈಪಿನ ತುದಿಯನ್ನು ಕಾಲಿನಿಂದ ತುಳಿದೆನು. ನಟ್ಟು ಕದಲಲಿಲ್ಲ; ಗಾಡಿಯೇ ತೂಗಾಡಿತು.

"ಚಿಕ್ಕಪ್ಪಾ, ಜಾಕಿ ವಾಲ್ತಿದೆ!" ಎಂದು ಅಣ್ಣನ ಮಗ ಕೂಗಿದನು. ಬಿದ್ದ ಬೋಲ್ಟೊಂದನ್ನು ಹೆಕ್ಕಲು ಅವನು ಗಾಡಿಯ ಕೆಳಗೆ ಕೈ ಚಾಚಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ಅವನು ಕೈಯನ್ನು ಎಳೆದುಕೊಂಡನು, ಗಾಡಿ ಬೀಳಲಿಲ್ಲ. ನನ್ನ ಕಾಲು ಮಾತ್ರ ಸ್ವಲ್ಪ ಹೊತ್ತು ನಡುಗುತ್ತಲೇ ಇತ್ತು. ಪಕ್ಕದ ಮನೆಯ ಹಿರಿಯರೊಬ್ಬರು, ನಿವೃತ್ತ ಮೆಕ್ಯಾನಿಕರು, ಗೋಡೆಯಾಚೆಯಿಂದ ಇಷ್ಟೇ ಹೇಳಿದರು: "ಮೇಷ್ಟ್ರೇ, ಇಳಿಸಿಬಿಡಿ. ಗಾಲಿ ನೆಲದಲ್ಲಿರುವಾಗಲೇ ಆ ನಟ್ಟು ಬಿಚ್ಚಬೇಕು."

ಹಾಗೆಯೇ ಆಯಿತು. ಗಾಲಿಯನ್ನು ಮತ್ತೆ ತೊಡಿಸಿ ನೆಲಕ್ಕಿಳಿಸಿದೆವು. ನಟ್ಟಿನ ಮಡಿಸಿದ ಅಂಚನ್ನು ಉಳಿಯಿಂದ ಬಿಡಿಸಿ, ಸಡಿಲಿಸಿ, ಅನಂತರ ಗಾಡಿಯನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ಜಾಕಿಯು ಎತ್ತುವುದಕ್ಕೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಮುಂದಿನದು ತಾಳ್ಮೆಯ ಕೆಲಸ. ಗೇರಿನ ಎಣ್ಣೆಯನ್ನು ಬಸಿದು, ಕೆಳತೋಳಿನ ಬಾಲ್ ಜಾಯಿಂಟನ್ನು ಬೇರ್ಪಡಿಸಿ, ಹಬ್ಬನ್ನು ಹೊರಕ್ಕೆ ವಾಲಿಸಿದರೆ ದಂಡದ ಹೊರತುದಿ ಹೊರಬರುತ್ತದೆ. ಒಳತುದಿಯನ್ನು ಗೇರುಪೆಟ್ಟಿಗೆಯೊಳಗೆ ಒಂದು ತಂತಿಯ ಉಂಗುರ ಹಿಡಿದಿರುತ್ತದೆ. ದಂಡವನ್ನು ಹಿಡಿದು ಜಗ್ಗಿದರೆ ಒಳಗಿನ ಕೀಲೇ ಕಳಚಿಕೊಂಡೀತು. ಆದುದರಿಂದ ಕೀಲಿನ ಬುಡಕ್ಕೆ ಹಾರೆ ಕೊಟ್ಟು ಮೀಟಬೇಕು. ಹೊಸದನ್ನು ತೂರಿಸುವಾಗ ಎಣ್ಣೆಯ ಸೀಲಿಗೆ ಗಾಯವಾಗಬಾರದು. ಉಂಗುರವು ತನ್ನ ಜಾಡಿಗೆ ಬಿದ್ದ ಸದ್ದು ಕೈಗೇ ತಿಳಿಯುತ್ತದೆ. ಹೊಸ ನಟ್ಟನ್ನೇ ಹಾಕಿ, ಗಾಲಿಯನ್ನು ನೆಲಕ್ಕಿಳಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಅಂಚನ್ನು ಮಡಿಸಬೇಕು. ಬೇರಿಂಗನ್ನು ಒತ್ತಿ ಹಿಡಿದಿರುವುದು ಈ ನಟ್ಟೇ. ಆಕ್ಸಲ್ ಇಲ್ಲದೆ ಗಾಡಿಯನ್ನು ಒಂದು ಗಜವೂ ಉರುಳಿಸಬಾರದೆನ್ನುವುದು ಅದಕ್ಕಾಗಿಯೇ. ಕೊನೆಗೆ ಗೇರಿನ ಎಣ್ಣೆ ತುಂಬುವುದನ್ನು ಮರೆಯಬಾರದು. ಅದನ್ನು ಹಿರಿಯರು ನನಗೆ ಎರಡು ಸಲ ನೆನಪಿಸಿದರು.

ಸಂಜೆ ಬಯಲಿನಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹೊಡೆದೆವು. ಸದ್ದಿರಲಿಲ್ಲ. ಹಳೆಯ ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಟ್ಟಿದ್ದೇನೆ. ವಿದ್ಯಾರ್ಥಿಗಳು ಅದನ್ನು ಬಾಗಿಸಿ ತಿರುಗಿಸುತ್ತಾ, ಗುಂಡುಗಳು ನಡುವಣ ಸಮತಲವನ್ನು ಹುಡುಕಿಕೊಳ್ಳುವುದನ್ನು ನೋಡುತ್ತಾರೆ. ಬೆರಳ ತುದಿಯಿಂದ ತಡವಿದರೆ ಒಂದು ಕಾಲುವೆಯಲ್ಲಿ ಎಳ್ಳು ಕಾಳಿನಷ್ಟು ಗುಳಿ ಸಿಗುತ್ತದೆ.