‘ಕಾಲಾ ಧಾಗಾ’ ಹುಟ್ಟಿದ ಊರಿನಿಂದ

ಸೂರತ್‌ನಲ್ಲಿ ದಾರಕ್ಕೆ ಬರವಿಲ್ಲ. ಸೀರೆಯ ಮಗ್ಗಕ್ಕೊಂದು ದಾರ, ಜರಿಗೊಂದು ದಾರ, ಜನವರಿ ಬಂತೆಂದರೆ ಗಾಳಿಪಟದ ಮಾಂಜಾ. ಉತ್ತರಾಯಣದ ದಿನ ನಮ್ಮ ಕತಾರ್‌ಗಾಮ್‌ನ ಯಾವ ತಾರಸಿ ಹತ್ತಿದರೂ ಆಕಾಶದ ತುಂಬ ಪಟಗಳು. ಪಟ ಕಾಣುತ್ತದೆ, ದಾರ ಕಾಣುವುದಿಲ್ಲ. ಹೀಗೆ ಕಾಣದ ದಾರದಿಂದ ವಸ್ತುಗಳನ್ನು ಆಡಿಸಿ ಸಿನಿಮಾ ಪ್ರೇಕ್ಷಕರನ್ನು ಬೆರಗಾಗಿಸಿದ ಬಾಬುಭಾಯಿ ಮಿಸ್ತ್ರಿ ಹುಟ್ಟಿದ್ದು ಇದೇ ಊರಿನಲ್ಲಿ. ಚಿತ್ರರಂಗದವರು ಅವರಿಗೆ ಇಟ್ಟ ಅಡ್ಡಹೆಸರು ‘ಕಾಲಾ ಧಾಗಾ’. ಅಂದರೆ ಕಪ್ಪು ದಾರ.

ನಾನು ದಾವಣಗೆರೆಯವನು. ಹನ್ನೊಂದು ವರ್ಷಗಳಿಂದ ಇಲ್ಲಿ ವಜ್ರ ಕತ್ತರಿಸುವ ಲೇಸರ್ ಯಂತ್ರಗಳನ್ನು ದುರಸ್ತಿ ಮಾಡುವ ಎಂಜಿನಿಯರ್. ಕತಾರ್‌ಗಾಮ್‌ನ ಗಲ್ಲಿಗಳಲ್ಲಿ ಇರುವುದೆಲ್ಲ ವಜ್ರದ ಕಾರ್ಖಾನೆಗಳೇ. ಇಲ್ಲಿ ಕುಶಲಕರ್ಮಿಯನ್ನು ‘ರತ್ನಕಲಾಕಾರ್’ ಎನ್ನುತ್ತಾರೆ. ದಿನವಿಡೀ ‘ಘಂಟಿ’ ಎಂಬ ತಿರುಗುವ ತಟ್ಟೆಗೆ ಕಲ್ಲನ್ನು ಒತ್ತಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ನೋಡಿ, ಮತ್ತೆ ಒತ್ತುತ್ತಾರೆ. ಇಂಥವರ ನಡುವೆ ಇದ್ದೂ ಇದ್ದೂ ಕೈಯಿಂದ ಮಾಡಿದ ಕೆಲಸದ ಮೇಲೆ ನನಗೆ ಮೋಹ ಬೆಳೆದಿದೆ. ಸಿನಿಮಾದಲ್ಲೂ ಅಷ್ಟೇ. ಕಂಪ್ಯೂಟರ್ ಬರುವ ಮುಂಚೆ, ಕ್ಯಾಮೆರಾದ ಮುಂದೆಯೇ ಮಾಡಿ ತೋರಿಸುತ್ತಿದ್ದ ಚಮತ್ಕಾರಗಳೇ ನನಗಿಷ್ಟ.

ದಾರ ಮಾಯವಾಗುವುದು ಹೇಗೆ?

1937ರಲ್ಲಿ ವಿಜಯ್ ಭಟ್ ‘ಖ್ವಾಬ್ ಕಿ ದುನಿಯಾ’ ಎಂಬ ಚಿತ್ರ ಮಾಡಿದರು. ಅದಕ್ಕೆ ಸ್ಫೂರ್ತಿ 1933ರ ಹಾಲಿವುಡ್ ಚಿತ್ರ ‘ದಿ ಇನ್ವಿಸಿಬಲ್ ಮ್ಯಾನ್’. ಹಾಲಿವುಡ್‌ನವರು ನಟನಿಗೆ ಕಪ್ಪು ಮಖಮಲ್ಲಿನ ಉಡುಪು ತೊಡಿಸಿ, ಕಪ್ಪು ಮಖಮಲ್ಲಿನ ಪರದೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿದ್ದರು. ನಮ್ಮ ಬಾಬುಭಾಯಿ ಕಪ್ಪು ದಾರ ಹಿಡಿದರು. ದಾರ ಎಳೆದರೆ ಸಾಮಾನುಗಳು ತಾವಾಗಿಯೇ ಚಲಿಸಿದಂತೆ ಕಾಣುತ್ತಿತ್ತು.

ಹೇಳಲು ಸುಲಭ, ಮಾಡಲು ಕಷ್ಟ. ಹಿನ್ನೆಲೆ ಕಪ್ಪಾಗಿರಬೇಕು. ಬೆಳಕು ವಸ್ತುವಿನ ಮೇಲೆ ಬೀಳಬೇಕು, ದಾರದ ಮೇಲೆ ಮಿನುಗಬಾರದು. ದಾರ ಸಪೂರವಾದರೆ ಭಾರ ತಾಳದೆ ತುಂಡಾಗುತ್ತದೆ, ದಪ್ಪವಾದರೆ ಕ್ಯಾಮೆರಾಗೆ ಸಿಕ್ಕಿಬೀಳುತ್ತದೆ. ಎಳೆಯುವ ಕೈ ನಡುಗಿದರೆ ವಸ್ತುವೂ ನಡುಗುತ್ತದೆ. ಇದೆಲ್ಲ ಸರಿಹೋಯಿತೇ ಎಂದು ತಿಳಿಯಲು ಫಿಲ್ಮ್ ಸಂಸ್ಕರಣೆಯಾಗಿ ಬರುವವರೆಗೂ ಕಾಯಬೇಕು.

ಬಾಬುಭಾಯಿ ಮುಂದೆ ನಿರ್ದೇಶಕರೂ ಆದರು. 1961ರ ‘ಸಂಪೂರ್ಣ ರಾಮಾಯಣ’, 1963ರ ‘ಪಾರಸಮಣಿ’, 1965ರ ‘ಮಹಾಭಾರತ್’ ಅವರವೇ. ಜಿತೇಂದ್ರ ನಟಿಸಿದ 1990ರ ‘ಹಾತಿಮ್ ತಾಯಿ’ಯೂ ಅವರದೇ. 2010ರಲ್ಲಿ ತೀರಿಕೊಂಡರು. ನಮ್ಮ ಸೊಸೈಟಿಯಲ್ಲಿ ಹತ್ತಾರು ಜನರನ್ನು ವಿಚಾರಿಸಿದೆ, ಇಬ್ಬರು ಹಿರಿಯರನ್ನು ಬಿಟ್ಟರೆ ಯಾರೂ ಆ ಹೆಸರು ಕೇಳಿರಲಿಲ್ಲ.

ನಮ್ಮ ಅರ್ಜುನ, ನಮ್ಮ ಬಬ್ರುವಾಹನ

ಬೇರೆಯವರನ್ನು ಏನೆನ್ನುವುದು? ಕನ್ನಡ ಚಿತ್ರದ ಆರಂಭದಲ್ಲಿ ಛಾಯಾಗ್ರಾಹಕರ, ಟ್ರಿಕ್ ಕೆಲಸದವರ ಹೆಸರು ಬರುವಾಗ ನಾವೂ ಅಡುಗೆಮನೆಗೋ ನೀರಿಗೋ ಎದ್ದು ಹೋಗುತ್ತೇವೆ. ಆಮೇಲೆ ಬಂದು ಕುಳಿತು ಅವರ ಕೆಲಸಕ್ಕೇ ಚಪ್ಪಾಳೆ ತಟ್ಟುತ್ತೇವೆ.

ನನ್ನ ಪಟ್ಟಿಯಲ್ಲಿ ಮೊದಲನೆಯದು 1977ರ ‘ಬಬ್ರುವಾಹನ’. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ ಅವರದು. ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಒಬ್ಬರನ್ನೊಬ್ಬರು ಹಂಗಿಸುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಆ ಕಾಲದ ದ್ವಿಪಾತ್ರದ ವಿಧಾನ ಹೀಗಿತ್ತು. ಕ್ಯಾಮೆರಾವನ್ನು ಒಂದು ಕೂದಲೆಳೆಯಷ್ಟೂ ಅಲುಗದಂತೆ ಬಿಗಿಯುವುದು. ಮಸೂರದ ಅರ್ಧಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವುದು. ನಟ ಒಂದು ವೇಷದಲ್ಲಿ ಅರ್ಧ ಫ್ರೇಮಿನಲ್ಲಿ ಅಭಿನಯಿಸುವುದು. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮುಚ್ಚಿದ ಭಾಗವನ್ನು ತೆರೆದು, ತೆರೆದಿದ್ದನ್ನು ಮುಚ್ಚಿ, ಇನ್ನೊಂದು ವೇಷದಲ್ಲಿ ಮತ್ತೆ ಅಭಿನಯಿಸುವುದು. ನಡುವಿನ ಗೆರೆಯನ್ನು ಒಂದು ಕೈಬೆರಳು ದಾಟಿದರೂ ಬೆರಳೇ ಮಾಯ. ಮುಟ್ಟುವ, ಹೊಡೆದಾಡುವ ಶಾಟ್‌ಗಳಿಗೆ ಬೆನ್ನು ತೋರಿಸುವ ಇನ್ನೊಬ್ಬ ನಟ ಬೇಕು. ಎದುರಿಗೆ ಬರೀ ಗಾಳಿಯಿದ್ದರೂ, ಅಲ್ಲಿ ತನ್ನದೇ ಮುಖವಿದೆ ಎಂದುಕೊಂಡು ಸಿಟ್ಟಾಗಬೇಕು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ರಾಜ್‌ಕುಮಾರ್ ಅವರಿಗೆ ಆ ಕಲೆ ಕರಗತವಾಗಿತ್ತು.

ಎರಡನೆಯದು ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’, 1987. ಜಾನ್ ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಕಥೆಯನ್ನು ನಮ್ಮ ಕಡಲತೀರಕ್ಕೆ ತಂದ ಚಿತ್ರ. ಐವತ್ತೆಂಟರ ಆಸುಪಾಸಿನ ರಾಜ್‌ಕುಮಾರ್ ನೀರಿನಾಳದಲ್ಲಿ ಆಕ್ಟೋಪಸ್ ಜೊತೆ ಸೆಣಸುತ್ತಾರೆ. ಇವತ್ತಿನ ಕಣ್ಣಿಗೆ ಆ ಪ್ರಾಣಿ ಕೃತಕವೆಂದು ಗೊತ್ತಾಗಬಹುದು. ಆದರೆ ನೀರು ನಿಜ, ಬಿಗಿಹಿಡಿದ ಉಸಿರು ನಿಜ.

ಮೂರನೆಯದು ಹೊರಗಿನದು, 1993ರ ‘ಜುರಾಸಿಕ್ ಪಾರ್ಕ್’. ಅದನ್ನು ಕಂಪ್ಯೂಟರ್ ಚಿತ್ರವೆಂದೇ ಎಲ್ಲರೂ ನೆನೆಯುತ್ತಾರೆ. ಮಳೆಯಲ್ಲಿ ಕಾರಿನ ಮೇಲೆ ಎರಗುವ ಟಿ-ರೆಕ್ಸ್‌ನ ಹತ್ತಿರದ ಶಾಟ್‌ಗಳಲ್ಲಿ ಇರುವುದು ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಆಳೆತ್ತರವನ್ನೂ ಮೀರಿದ ಯಂತ್ರ. ಅದರ ರಬ್ಬರ್ ಚರ್ಮ ಮಳೆನೀರು ಕುಡಿದು ಭಾರವಾಗಿ, ಯಂತ್ರ ಗಡಗಡ ನಡುಗುತ್ತಿತ್ತಂತೆ. ಶಾಟ್‌ಗಳ ನಡುವೆ ಟವೆಲ್ ಹಿಡಿದು ಒರೆಸಿದ್ದಾರೆ. ಯಂತ್ರ ದುರಸ್ತಿ ಮಾಡುವ ನನಗೆ ಆ ಟವೆಲ್ ಹಿಡಿದವರ ಮೇಲೆ ವಿಶೇಷ ಪ್ರೀತಿ.

‘ಹೇಗೆ ಮಾಡಿದ್ರು?’

ಕಂಪ್ಯೂಟರ್ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಲ್ಲೂ ಸಾವಿರಾರು ಜನರ ನಿದ್ದೆಗೆಟ್ಟ ರಾತ್ರಿಗಳಿವೆ. ಆದರೆ ನಮ್ಮ ಮನೆಯಲ್ಲಿ ಒಂದು ವ್ಯತ್ಯಾಸ ಗಮನಿಸಿದ್ದೇನೆ. ಹೊಸ ಚಿತ್ರದಲ್ಲಿ ಬೆಟ್ಟವೇ ಹಾರಿದರೂ ಒಂಬತ್ತು ವರ್ಷದ ಮಗಳು ಏನೂ ಕೇಳುವುದಿಲ್ಲ. ಉತ್ತರ ಅವಳಿಗೆ ಮೊದಲೇ ಗೊತ್ತು: ಕಂಪ್ಯೂಟರ್. ‘ಬಬ್ರುವಾಹನ’ ಹಾಕಿದ ದಿನ ಮಾತ್ರ ಎದ್ದು ಕುಳಿತಳು. “ಅಪ್ಪಾ, ಇಬ್ರೂ ಒಬ್ರೇನಾ? ಹೇಗೆ ಮಾಡಿದ್ರು?”

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ಅವಳು ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಗುಜರಾತಿ. ಕನ್ನಡ ಊಟ-ತಿಂಡಿಗೆ ಬೇಕಾದಷ್ಟು ಮಾತ್ರ. ದಾವಣಗೆರೆಯ ಅಜ್ಜನ ಫೋನ್ ಬಂದರೆ “ಚೆನ್ನಾಗಿದ್ದೀನಿ”, “ಊಟ ಆಯ್ತು” ಎಂದು ಹೇಳಿ ಫೋನ್ ನನ್ನ ಕೈಗೆ. ಅವಳಿಗೆ ಕನ್ನಡದಲ್ಲಿ ಹೇಳಬೇಕಾದ್ದು ಏನೂ ಇರಲಿಲ್ಲ. ಅಪ್ಪನಿಗೆ ಎಂಬತ್ತು ದಾಟಿದೆ, ಬೇರೆ ಭಾಷೆ ಬರದು.

ಕಳೆದ ತಿಂಗಳು ಒಂದು ಭಾನುವಾರ ನಾವಿಬ್ಬರೂ ಬಾಬುಭಾಯಿ ದಾರಿ ಹಿಡಿದೆವು. ಗೋಡೆಗೆ ಅವಳಮ್ಮನ ಕಪ್ಪು ಶಾಲು, ಪಕ್ಕದಿಂದ ಟೇಬಲ್ ಲ್ಯಾಂಪ್, ಸ್ಟೂಲಿನ ಮೇಲೆ ಮೊಬೈಲ್, ಒಂದು ಚಮಚ, ಹೊಲಿಗೆಯ ಕಪ್ಪು ದಾರ. ಹದಿನಾಲ್ಕನೇ ಸಲಕ್ಕೆ ಚಮಚ ತಾನಾಗಿ ಎದ್ದು ಲೋಟದೊಳಗೆ ಇಳಿಯಿತು. ವಿಡಿಯೊ ಅಜ್ಜನಿಗೆ ಹೋಯಿತು. ಐದು ನಿಮಿಷದಲ್ಲಿ ಫೋನ್ ಬಂತು.

“ಹೆಂಗ್ ಮಾಡಿದ್ಯವ್ವಾ ಅದನ್ನ?”

“ಅಜ್ಜಾ, ಕಪ್ಪು ದೋರೋ ಕಟ್ಟಿ...”

“ದೋರೋ ಅಂದ್ರೆ?”

ಅವಳು ನನ್ನತ್ತ ನೋಡಿದಳು. ನಾನು ಸುಮ್ಮನಿದ್ದೆ. ಸೂಜಿಗೆ ಪೋಣಿಸುತ್ತಾರಲ್ಲ ಅದು, ಎಂದು ತಾನೇ ವಿವರಿಸಿದಳು. “ಹೋ, ದಾರ!” ಎಂದರು ಅಜ್ಜ. ಅಲ್ಲಿಂದ ಮುಂದೆ ದಾರ, ಬೆಳಕು, ನೆರಳು, ಗಂಟು ಎಂದು ಇಪ್ಪತ್ತು ನಿಮಿಷ ಮಾತು ನಡೆಯಿತು. ಆ ದಿನ ಫೋನ್ ನನ್ನ ಕೈಗೆ ಬರಲೇ ಇಲ್ಲ.

ನೀವೂ ಬೇರೆ ಊರಲ್ಲಿದ್ದರೆ, ಮಕ್ಕಳಿದ್ದರೆ, ಒಂದು ಹಳೆಯ ಚಿತ್ರ ಹಾಕಿ ನೋಡಿ. ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಮಗು ‘ಹೇಗೆ’ ಎಂದರೆ ಉತ್ತರವನ್ನು ಮೊಬೈಲ್‌ನಲ್ಲಿ ಹುಡುಕದೆ ದಾರ, ಬಟ್ಟೆ, ದೀಪ ತನ್ನಿ.

ನಮ್ಮ ಮನೆಯಲ್ಲಿ ಮುಂದಿನ ಯೋಜನೆ ದ್ವಿಪಾತ್ರ. ಅಪ್ಪನೂ ಮಗನೂ ಎರಡೂ ಪಾತ್ರ ತನ್ನದೇ ಎಂದು ಮಗಳು ಹಟ ಹಿಡಿದಿದ್ದಾಳೆ. ಸಂಭಾಷಣೆ ಬರೆದು ಕಳಿಸುವ ಹೊಣೆ ಅಜ್ಜನದು. ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಓದಲು ಕಲಿತುಕೋ ಎಂದಿದ್ದಾರೆ. ಅವಳು ‘ಅ’ದಿಂದ ಶುರು ಮಾಡಿ ಈಗ ‘ಟ’ ವರ್ಗಕ್ಕೆ ಬಂದಿದ್ದಾಳೆ.