ನಮ್ಮ ಪಡುಗಡಲ ದ್ವೀಪಗಳೂ ವಿಲಾಸನೌಕೆಗಳೂ

ಮಳೆಗಾಲವು ಕಳೆದು ಕಡಲು ಶಾಂತವಾದ ಮೇಲೆ ಮಂಗಳೂರಿನ ಪಣಂಬೂರು ಬಂದರಕ್ಕೆ ಪರದೇಶದ ವಿಲಾಸನೌಕೆಗಳು ಬರುತ್ತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಬೆಳಗ್ಗೆ ಬಂದ ಹಡಗು ಸಂಜೆಗೆ ಹೊರಟುಬಿಡುತ್ತದೆ. ನಡುವಿನ ಕೆಲವು ತಾಸುಗಳಲ್ಲಿ ಅದರ ಯಾತ್ರಿಕರು ಕುದ್ರೋಳಿಯ ಗೋಕರ್ಣನಾಥನ ಗುಡಿಯನ್ನೂ, ಸಂತ ಅಲೋಶಿಯಸ್ ಇಗರ್ಜಿಯ ಭಿತ್ತಿಚಿತ್ರಗಳನ್ನೂ, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ, ಗೇರುಬೀಜದ ಕಾರ್ಖಾನೆಯನ್ನೂ ನೋಡಿ, ಬಿಸಿಲಿಗೆ ಕೆಂಪಾದ ಮುಖಗಳೊಡನೆ ಹಡಗನ್ನು ಸೇರುತ್ತಾರೆ. ಅವರು ನಮ್ಮ ಊರನ್ನು ನೋಡಿದರು, ಸಂತೋಷ. ಆದರೆ ಆ ಹಡಗು ಮುಖಮಾಡಿದ ಪಡುವಣ ದಿಕ್ಕಿನಲ್ಲಿ, ಒಂದು ಕಾಲಕ್ಕೆ ನಮ್ಮ ಜಿಲ್ಲೆಗೇ ಸೇರಿದ್ದ ದ್ವೀಪಗಳುಂಟೆಂಬ ಸಂಗತಿಯು ಇಂದು ನಮ್ಮ ಎಷ್ಟು ಮನೆಗಳಲ್ಲಿ ತಿಳಿದಿದೆ?

ಈ ವಿಲಾಸಯಾನಗಳಲ್ಲಿ ಒಂದು ವಿಶೇಷವಾದ ಬಗೆಯುಂಟು. ನಗರಗಳನ್ನೂ ಅಂಗಡಿಬೀದಿಗಳನ್ನೂ ಬಿಟ್ಟು, ಜನವಸತಿಯಿಲ್ಲದ ದೂರದ ದ್ವೀಪಗಳಿಗೂ ಫಿಯೋರ್ಡುಗಳಿಗೂ ಹೋಗಿ, ಅಲ್ಲಿನ ಮೃಗಪಕ್ಷಿಗಳನ್ನು ನೋಡಿ ಬರುವುದೇ ಅದರ ಉದ್ದೇಶ. ಫಿಯೋರ್ಡ್ ಎಂದರೆ ಹಿಮನದಿಯು ಬೆಟ್ಟಗಳ ನಡುವೆ ಆಳವಾಗಿ ಕೊರೆದ ಕಣಿವೆಯೊಳಗೆ ಕಡಲು ನುಗ್ಗಿ ಆದ ಉದ್ದನೆಯ ಕೊಲ್ಲಿ. ನಾರ್ವೆಯಲ್ಲಿಯೂ ನ್ಯೂಜಿಲೆಂಡಿನ ದಕ್ಷಿಣದಲ್ಲಿಯೂ ಅಂತಹವು ಪ್ರಸಿದ್ಧ. ಈ ಬಗೆಯ ಯಾತ್ರೆಗೆ ದಾರಿ ಹಾಕಿದವನು ಸ್ವೀಡನ್ನಿನಲ್ಲಿ ಹುಟ್ಟಿ ಅಮೇರಿಕದಲ್ಲಿ ನೆಲಸಿದ ಲಿಂಡ್‌ಬ್ಲಾಡ್ ಎಂಬವನು. ಅವನು 1966ರಲ್ಲಿ ಸಾಮಾನ್ಯ ಯಾತ್ರಿಕರನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದನು. 1969ರಲ್ಲಿ ಅದಕ್ಕೆಂದೇ ಒಂದು ಚಿಕ್ಕ ಹಡಗನ್ನು ಇಳಿಸಿದನು. ಇಂದು ಅಂತಹ ಹಡಗುಗಳು ಬಹಳವಾಗಿವೆ. ಅವುಗಳಲ್ಲಿ ಎರಡು ವಾರ ಕಳೆಯುವ ವೆಚ್ಚದಲ್ಲಿ ನಮ್ಮಲ್ಲಿ ಒಂದು ಮದುವೆಯೇ ನಡೆದುಹೋದೀತು. ಸಮುದ್ರಯಾನವು ಕಲಿಯುಗದಲ್ಲಿ ವರ್ಜ್ಯವೆಂದು ವಾದಿಸುತ್ತಿದ್ದ ಹಿರಿಯರ ಮೊಮ್ಮಕ್ಕಳು ಈಗ ಆ ಹಡಗುಗಳ ಚಿತ್ರಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಯಾವ ಕೋಣೆಯ ಕಿಟಕಿ ದೊಡ್ಡದೆಂದು ಚರ್ಚಿಸುತ್ತಿರುವರು. ಕಾಲಾಯ ತಸ್ಮೈ ನಮಃ!

ಅಷ್ಟು ದೂರ ಹೋಗುವುದಕ್ಕೆ ಮೊದಲು ನಮ್ಮ ಕಡಲನ್ನು ನೋಡೋಣ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಹಿಂದೆ ಅಮೀನದೀವಿ ಎಂದು ಹೆಸರು. ಇವು ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಳ್ವಿಕೆಯಲ್ಲಿದ್ದವು. ದ್ವೀಪದವರು 1787ರಲ್ಲಿ ಆಕೆಯ ಅಧಿಕಾರಿಗಳ ಕಾಟವನ್ನು ತಾಳಲಾರದೆ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರಲ್ಲಿ ಟಿಪ್ಪುವು ಮಡಿದ ಬಳಿಕ ಅವು ಕಂಪೆನಿಯ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟವು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಕೊಳೆಹಾಕಿ, ಬಡಿದು, ಹೊಸೆದ ಕತ್ತದ ಹುರಿಯು ಮಂಜಿಗಳಲ್ಲಿ ಮಂಗಳೂರಿನ ಬಂದರಕ್ಕೆ ಬರುತ್ತಿತ್ತು. ಅದನ್ನು ಕೊಳ್ಳುವ ಹಕ್ಕು ಸರಕಾರಕ್ಕೆ ಮಾತ್ರ. ದರವನ್ನು ಗೊತ್ತುಮಾಡುವುದೂ ಸರಕಾರವೇ. ಅದಕ್ಕೆ ಬದಲಾಗಿ ಅಕ್ಕಿಯೂ ಸ್ವಲ್ಪ ಹಣವೂ ದೊರೆಯುತ್ತಿದ್ದವು. ಭತ್ತವು ಬೆಳೆಯದ ಮರಳಿನ ನೆಲಕ್ಕೆ ಮಂಗಳೂರಿನ ಅಕ್ಕಿಯೇ ಜೀವಾಧಾರ. ಹೀಗೆ ಒಂದೂವರೆ ಶತಮಾನಕ್ಕೂ ಮಿಕ್ಕಿ ನಡೆಯಿತು. 1956ನೆಯ ಇಸವಿ ನವೆಂಬರ್ 1ರಂದು ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೂ, ಕಾಸರಗೋಡು ಕೇರಳಕ್ಕೂ, ಈ ದ್ವೀಪಗಳು ಕೇಂದ್ರಾಡಳಿತಕ್ಕೂ ಸೇರಿದವು. ಕಾಸರಗೋಡಿಗಾಗಿ ನಾವು ಅತ್ತೆವು, ಈಗಲೂ ಅಳುತ್ತೇವೆ. ದ್ವೀಪಗಳು ಹೋದುದನ್ನು ಮಾತ್ರ ಯಾರೂ ಗಮನಿಸಿದಂತೆ ಕಾಣಲಿಲ್ಲ. 1973ರಲ್ಲಿ ಆ ಪ್ರದೇಶಕ್ಕೆಲ್ಲ ಲಕ್ಷದ್ವೀಪವೆಂಬ ಹೆಸರಾಯಿತು.

ಲಕ್ಷವೆಂಬುದು ಕವಿಯ ಲೆಕ್ಕ. ಎಣಿಸಿದರೆ ಮೂವತ್ತಾರು ದ್ವೀಪಗಳು, ಜನವಸತಿಯುಳ್ಳವು ಹತ್ತು, ನೆಲವೆಲ್ಲ ಕೂಡಿ 32 ಚದರ ಕಿಲೋಮೀಟರು, ಅಂದರೆ ನಮ್ಮ ಒಂದೆರಡು ದೊಡ್ಡ ಗ್ರಾಮಗಳಷ್ಟು. ಆದರೆ ಅವುಗಳ ಹವಳದ ಬಂಡೆಗಳು ಆವರಿಸಿಕೊಂಡಿರುವ ಒಳಗಡಲು ಸುಮಾರು 4,200 ಚದರ ಕಿಲೋಮೀಟರು. ದ್ವೀಪ ಎಂಬ ಶಬ್ದವನ್ನು ವೈಯಾಕರಣರು ‘ಎರಡು ಕಡೆ ನೀರುಳ್ಳದ್ದು’ ಎಂದು ಬಿಡಿಸುತ್ತಾರೆ. ಸುತ್ತಲೂ ನೀರಿರುವಾಗ ಎರಡೇ ಕಡೆಯೆಂದು ಹೇಳಿದ್ದೇಕೆಂದು ಚೂಟಿಯಾದ ವಿದ್ಯಾರ್ಥಿಗಳು ಕೇಳುವುದುಂಟು. ಹವಳದ ದ್ವೀಪದಲ್ಲಿ ಆ ವ್ಯುತ್ಪತ್ತಿಯು ಅಕ್ಷರಶಃ ಸತ್ಯ. ಒಂದು ಮಗ್ಗುಲಲ್ಲಿ ಅಬ್ಬರಿಸುವ ಕಪ್ಪುನೀಲಿಯ ಮಹಾಸಾಗರ. ಮತ್ತೊಂದರಲ್ಲಿ ಹಸುರು ಗಾಜಿನಂತಹ, ಎದೆಯುದ್ದವೂ ಇಲ್ಲದ ಒಳಗಡಲು. ನಡುವೆ ಒಂದು ಮರಳಿನ ಎಸಳು; ಅದರ ಮೇಲೆ ತೆಂಗು.

ಮೂರನೆಯ ನೀರೂ ಒಂದುಂಟು, ಅದು ಕಾಣುವುದಿಲ್ಲ. ಮಳೆಯ ನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾಗಿ ತೇಲುತ್ತದೆ. ಬಾವಿಯಲ್ಲಿ ಸಿಕ್ಕುವುದು ಈ ಪದರ. ಅತಿಯಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಪಾಯಿಖಾನೆಯ ಗುಂಡಿಗಳು ಹೆಚ್ಚಿದರೆ ನೀರು ಕೆಡುತ್ತದೆ. ಇದೇ ಕಾರಣದಿಂದ 2005ರಲ್ಲಿ ಕವರತ್ತಿಯಲ್ಲಿ ಕಡಲನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರನ್ನು ಇಳಿಸುವ ಯಂತ್ರಾಗಾರವನ್ನು ಸ್ಥಾಪಿಸಬೇಕಾಯಿತು. ಇನ್ನು ದ್ವೀಪವನ್ನು ಕಟ್ಟಿದ ಹವಳವಾದರೋ ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ವಾಸಿಸಿ ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಯು, ಕಡಲು ಬಿಸಿಯಾದಾಗ ಅದನ್ನು ತೊರೆಯುತ್ತದೆ. ಹವಳವು ಬಿಳಿಚಿಕೊಳ್ಳುತ್ತದೆ, ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. 1998, 2010, 2016 ಈ ಮೂರು ವರ್ಷಗಳಲ್ಲಿ ಲಕ್ಷದ್ವೀಪದಲ್ಲಿ ಇಂತಹ ದೊಡ್ಡ ಕೇಡುಗಳಾದವು, 2024ರಲ್ಲಿಯೂ ಕಂಡಿತು. ಸತ್ತ ಹವಳದ ಗೋಡೆ ಅಲೆಗಳನ್ನು ತಡೆಯಲಾರದು. ಗೋಡೆ ಕುಸಿದರೆ ಮರಳು ನಿಲ್ಲಲಾರದು.

ಈ ಕಡಲಿನಲ್ಲಿ ಪಕ್ಷಿಗಳನ್ನು ಹುಡುಕುತ್ತ ನಡೆದ ಯಾತ್ರೆಯು ಹೊಸದೇನಲ್ಲ. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ಚರಿತ್ರೆಯ ಪುಸ್ತಕಗಳಲ್ಲಿ ನಾವು ಓದುವ ಅಲನ್ ಆಕ್ಟೇವಿಯನ್ ಹ್ಯೂಮನು ದೊಡ್ಡ ಪಕ್ಷಿಶಾಸ್ತ್ರಜ್ಞನೂ ಆಗಿದ್ದನು. ಅವನು 1875ರಲ್ಲಿ ಸರಕಾರದ ಕಡಲಳತೆಯ ನೌಕೆಯಲ್ಲಿ ಈ ದ್ವೀಪಗಳನ್ನೂ ನಮ್ಮ ಕರಾವಳಿಯನ್ನೂ ಸುತ್ತಿ, ಮರುವರ್ಷ ತನ್ನ ಪತ್ರಿಕೆಯಲ್ಲಿ ದೀರ್ಘವಾದ ಲೇಖನವನ್ನು ಪ್ರಕಟಿಸಿದನು. ಕೊಡಗಿನ ಹಕ್ಕಿಗಳ ವಿಷಯವಾಗಿ ಬರೆದ ಬೆಟ್ಸ್ ಎಂಬವನು 1938ರಲ್ಲಿ ಈ ದ್ವೀಪಗಳ ಹಕ್ಕಿಗಳನ್ನು ಕುರಿತು ಬರೆದನು. ಕವರತ್ತಿಯ ವಾಯವ್ಯಕ್ಕೆ ಪಿಟ್ಟಿ ಅಥವಾ ಪಕ್ಷಿಪಿಟ್ಟಿ ಎಂಬ ಮರಳುದಿಬ್ಬವಿದೆ. ಅದು ಮೂರು ಎಕರೆಯಷ್ಟು ಮಾತ್ರ, ಒಂದು ಮರವಿಲ್ಲ. ಅಲ್ಲಿ ಕಪ್ಪು ಬೆನ್ನಿನ ಕಡಲ ರೀವಗಳು, ಕಂದುಬಣ್ಣದ ನಾಡಿ ಎಂಬ ಹಕ್ಕಿಗಳು, ಜುಟ್ಟಿನ ರೀವಗಳು ಸಾವಿರಗಟ್ಟಲೆ ಕೂಡುತ್ತವೆ. ಕಪ್ಪು ರೀವವು ತಿಂಗಳುಗಟ್ಟಲೆ ನೆಲವನ್ನು ಮುಟ್ಟದೆ ಕಡಲಿನ ಮೇಲೆಯೇ ಹಾರುತ್ತಿದ್ದು, ಮೊಟ್ಟೆಯಿಡುವುದಕ್ಕೆ ಮಾತ್ರ ನೆಲಕ್ಕೆ ಇಳಿಯುವುದು. ಗೂಡೆಂಬುದೇ ಇಲ್ಲ, ಬರಿಯ ಮರಳಿನ ಮೇಲೆ ಒಂದೇ ಮೊಟ್ಟೆ. ಮನುಷ್ಯನು ದಿಬ್ಬದ ಮೇಲೆ ಕಾಲಿಟ್ಟೊಡನೆ ತಾಯಿಹಕ್ಕಿಗಳೆಲ್ಲ ಒಮ್ಮೆಗೇ ಏಳುತ್ತವೆ. ಮೊಟ್ಟೆಗಳೂ ಮರಿಗಳೂ ಸುಡುಬಿಸಿಲಿಗೆ ತೆರೆದಿರುತ್ತವೆ. ನೋಡಲು ಬಂದವನು ಚಿತ್ರ ತೆಗೆದುಕೊಳ್ಳುವಷ್ಟು ಹೊತ್ತು ನಿಂತರೆ ಸಾಕು, ಅವುಗಳಿಗೆ ಅದೇ ಮರಣದ ಮುಹೂರ್ತ. ಈ ದಿಬ್ಬವನ್ನು 1995ರಲ್ಲಿ ಪಕ್ಷಿಧಾಮವೆಂದು ಸಾರಿದರು. ಅಮೀನದೀವಿಯ ಬಿತ್ರಾ ದ್ವೀಪವೂ ಹಿಂದೆ ಕಡಲಹಕ್ಕಿಗಳ ತವರಾಗಿತ್ತು. ನೆರೆದ್ವೀಪದವರು ಮೊಟ್ಟೆ ಹೆಕ್ಕಲು ಹೋಗುತ್ತಿದ್ದರು. ತರುವಾಯ ಜನರು ನೆಲಸಿದರು. ಹಕ್ಕಿಗಳ ಆ ಸಂತೆಯು ಮುಗಿಯಿತು.

ಆ ಬಿತ್ರಾದಲ್ಲಿ 2011ರ ಜನಗಣತಿಯಂತೆ 271 ಜನರು. ಈಗ ವಿಲಾಸನೌಕೆಯ ಲೆಕ್ಕವನ್ನು ನೋಡಿರಿ. 2021ರಿಂದ ಮುಂಬಯಿಯಿಂದ ಲಕ್ಷದ್ವೀಪದ ಕಡೆಗೆ ಬಂದ ದೊಡ್ಡ ಹಡಗಿನಲ್ಲಿ ಸಾವಿರದ ಐನೂರಕ್ಕೂ ಮಿಕ್ಕಿ ಯಾತ್ರಿಕರಿಗೆ ಸ್ಥಳವುಂಟು. ಹಡಗು ಹವಳದ ಬಂಡೆಯ ಹೊರಗೆ ನಿಲ್ಲುತ್ತದೆ. ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಒಂದು ಬೆಳಗಿಗೆ ಅಷ್ಟು ಜನರು ಇಳಿದರೆ ಆ ತೆಳುವಾದ ನೀರಿನ ಪದರವೂ, ಅಲುಗಿದರೆ ಮುರಿಯುವ ಹವಳವೂ ತಾಳಬಲ್ಲವೇ? ‘ದುಡ್ಡು ಬರುತ್ತದಲ್ಲ’ ಎನ್ನುವವರುಂಟು. ಊಟವೂ ನಿದ್ರೆಯೂ ಹಡಗಿನಲ್ಲಿಯೇ ಆದ ಮೇಲೆ ದ್ವೀಪದವನಿಗೆ ಉಳಿಯುವುದು ಎಳನೀರಿನ ದುಡ್ಡು ಮತ್ತು ಕಸ.

ಇದಕ್ಕೆ ಉಪಾಯವಿಲ್ಲದಿಲ್ಲ. ಅಂಟಾರ್ಕ್ಟಿಕದ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು 2009ರಲ್ಲಿ ಒಂದು ನಿಯಮವನ್ನು ಒಪ್ಪಿಕೊಂಡವು: ಐನೂರಕ್ಕಿಂತ ಹೆಚ್ಚು ಯಾತ್ರಿಕರುಳ್ಳ ಹಡಗು ಯಾರನ್ನೂ ದಡಕ್ಕೆ ಇಳಿಸತಕ್ಕದ್ದಲ್ಲ, ಚಿಕ್ಕ ಹಡಗಾದರೂ ಒಂದೇ ಸಲಕ್ಕೆ ನೂರಕ್ಕಿಂತ ಹೆಚ್ಚು ಜನರನ್ನು ಇಳಿಸಕೂಡದು. ನ್ಯೂಜಿಲೆಂಡಿನ ದಕ್ಷಿಣದಲ್ಲಿರುವ ಸ್ನೇರ್ಸ್ ಎಂಬ ದ್ವೀಪಗಳಲ್ಲಿ ಲಕ್ಷೋಪಲಕ್ಷ ಕಡಲಹಕ್ಕಿಗಳು ನೆಲದೊಳಗೆ ಬಿಲ ತೋಡಿ ಮರಿಮಾಡುತ್ತವೆ. ಕಾಲಿಟ್ಟರೆ ಬಿಲ ಕುಸಿಯುವುದರಿಂದ ಯಾತ್ರಿಕರು ಅಲ್ಲಿ ಇಳಿಯುವಂತಿಲ್ಲ. ರಬ್ಬರಿನ ದೋಣಿಯಲ್ಲಿ ಕುಳಿತು ದಡದ ಮಗ್ಗುಲಲ್ಲಿ ಸುತ್ತಿಬರಬೇಕು. ಲಕ್ಷಗಟ್ಟಲೆ ರೂಪಾಯಿ ತೆತ್ತವರು ಇಳಿಯದೆ ತೃಪ್ತರಾಗಿ ಹಿಂದಿರುಗುತ್ತಾರೆ! ಪಿಟ್ಟಿಯನ್ನು ನೋಡುವ ಕ್ರಮವೂ ಇದೇ ಆಗಬೇಕು. ನಾರ್ವೆಯಲ್ಲಿಯಂತೂ ಪ್ರಸಿದ್ಧವಾದ ಕೆಲವು ಫಿಯೋರ್ಡುಗಳೊಳಗೆ ಚಿಕ್ಕ ಪ್ರವಾಸಿ ಹಡಗುಗಳು 2026ರಿಂದಲೂ, ದೊಡ್ಡವು 2032ರಿಂದಲೂ ಹೊಗೆಯುಗುಳದೆ ಸಂಚರಿಸಬೇಕೆಂದು ವಿಧಿಸಿದ್ದಾರೆ.

ಹೆಂಡಿರು ಮಕ್ಕಳೊಡನೆ ಹೊರಡುವ ಗೃಹಸ್ಥನಿಗೆ ಹತ್ತಿರದಲ್ಲಿಯೂ ನೋಡತಕ್ಕ ದ್ವೀಪಗಳಿವೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೈಂಟ್ ಮೇರಿ ದ್ವೀಪಗಳಲ್ಲಿ ಕಂಬಗಳನ್ನು ಕಡೆದು ನಿಲ್ಲಿಸಿದಂತಹ ಬಂಡೆಗಳುಂಟು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುವಾಗ ಉಕ್ಕಿದ ಶಿಲಾದ್ರವವು ಆರುತ್ತ ಬಿರಿದು ಹಾಗಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯು ಬಿಳಿಹೊಟ್ಟೆಯ ಕಡಲಹದ್ದುಗಳ ಬೀಡು. ಹ್ಯೂಮನು ತನ್ನ ಯಾತ್ರೆಯಲ್ಲಿ ಇದನ್ನೂ ನೋಡಿದ್ದನು. ನಮ್ಮ ನೌಕಾದಳವು ಅದನ್ನು ಗುಂಡಿನ ಗುರಿಯಾಗಿ ಬಳಸಿದ್ದೂ ಉಂಟು; ಹದ್ದುಗಳು ಅದನ್ನು ಹೇಗೆ ಸಹಿಸಿದವೋ! ಅದರ ಬುಡದಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಇರುವುದರಿಂದ ಈಗ ಮುಳುಗು ಹಾಕಿ ನೋಡುವವರು ಬಹಳ. ಮೇಲೆ ಏರದೆ ನೀರಿನಲ್ಲಿಯೇ ನೋಡಿ ಬರುವುದರಿಂದ ಹದ್ದಿಗೆ ಅಷ್ಟಾಗಿ ಬಾಧೆಯಿಲ್ಲ.

ಅಮೀನದೀವಿಗೆ ಹೋಗಬೇಕೆನ್ನುವವರು ಲಕ್ಷದ್ವೀಪದ ಆಡಳಿತದಿಂದ ಮೊದಲೇ ಅನುಮತಿಯನ್ನು ಪಡೆಯಬೇಕು. ಇದನ್ನು ಕಿರುಕುಳವೆಂದು ಗೊಣಗುವವರನ್ನು ಕಂಡಿದ್ದೇನೆ. ಆ ಕಿರುಕುಳವೇ ಈವರೆಗೆ ದ್ವೀಪಗಳನ್ನು ಕಾಯ್ದಿದೆ. ಯಾತ್ರಿಕರ ಹಡಗುಗಳು ಮುಖ್ಯವಾಗಿ ಕೊಚ್ಚಿಯಿಂದ ಹೊರಡುತ್ತವೆ. ಆದರೆ ನಕಾಶೆಯನ್ನು ತೆರೆದು ಅಳೆದರೆ ಕಿಲ್ತಾನಿಗೆ ಕೊಚ್ಚಿಯಿಂದ 390 ಕಿಲೋಮೀಟರು, ಮಂಗಳೂರಿನಿಂದ 250 ಮಾತ್ರ. ನಮ್ಮ ಹಳೆಯ ಬಂದರದಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿಗಳು ಮಳೆಗಾಲದ ನಾಲ್ಕು ತಿಂಗಳು ಬಿಟ್ಟು ಇಂದಿಗೂ ಅತ್ತ ಹೋಗುತ್ತವೆ. ಚಿಕಿತ್ಸೆಗಾಗಿಯೂ ವಿದ್ಯೆಗಾಗಿಯೂ ದ್ವೀಪದವರು ಇತ್ತ ಬರುತ್ತಾರೆ. ಮುಂದೆ ನಮ್ಮ ಊರಿನಿಂದ ಯಾತ್ರೆಯ ಹಡಗು ನಿಯತವಾಗಿ ಹೊರಡುವುದಾದರೆ, ಅದು ರೋಗಿಯನ್ನೂ ವಿದ್ಯಾರ್ಥಿಯನ್ನೂ ಮೊದಲು ಹತ್ತಿಸಿಕೊಂಡು, ಉಳಿದ ಸ್ಥಳದಲ್ಲಿ ಪ್ರವಾಸಿಗಳನ್ನು ಒಯ್ಯುವ ಚಿಕ್ಕ ಹಡಗಾಗಿರಲಿ. ಪ್ರವಾಸಿಗಳು ದ್ವೀಪದವರ ಮನೆಯಲ್ಲಿ ಹಣ ಕೊಟ್ಟು ಉಣ್ಣಲಿ ಎಂಬುದು ನನ್ನ ಅಭಿಪ್ರಾಯ. ಈಜುಕೊಳವನ್ನು ತಲೆಯ ಮೇಲೆ ಹೊತ್ತ ಹಡಗು ಬೇಡ.

2024ರ ಮೇ ತಿಂಗಳಲ್ಲಿ ದ್ವೀಪಗಳಿಂದ ಒಂದು ವೇಗದ ಹಡಗು 160 ಯಾತ್ರಿಕರನ್ನು ಹೊತ್ತು ಸುಮಾರು ಏಳು ತಾಸುಗಳಲ್ಲಿ ಮಂಗಳೂರಿನ ಹಳೆಯ ಬಂದರಕ್ಕೆ ಬಂದಿತು. ಆ ಹಡಗಿನ ಹೆಸರು ಪರಳಿ. ಬಂಗಾರಂ ದ್ವೀಪದ ಸುತ್ತಿನಲ್ಲಿರುವ ಕಿರುದ್ವೀಪಗಳಿಗೂ ಇದೇ ಹೆಸರು. ಅವುಗಳಲ್ಲಿ ಮೊದಲನೆಯದು 1968ರಲ್ಲಿ ಎಂಟು ಎಕರೆಯಷ್ಟಿತ್ತು. ಅಲೆಗಳು ಅದನ್ನು ಪೂರ್ತಿಯಾಗಿ ಸವೆಸಿಬಿಟ್ಟಿವೆಯೆಂದು ಸಂಶೋಧಕರು 2017ರಲ್ಲಿ ಪ್ರಕಟಿಸಿದರು.